ಆ ಒಂದು ಸೆಕೆಂಡಿನ ಹೊಣೆ ಯಾರದು?

(ಕಮಲಾಪುರದಲ್ಲಿ ಲಾರಿ, ಟ್ರ್ಯಾಕ್ಟರ್ ಡ್ರೈವರುಗಳ ಸಭೆಯಲ್ಲಿ ಮಾಡಿದ ಭಾಷಣ)



ಅಪಘಾತವಾದಾಗಲೆಲ್ಲ ನಾವು ಹೇಳುವ ಮಾತು ಒಂದೇ: 'ಏಕಾಏಕಿ ಅಡ್ಡ ಬಂತು.' ಈ ಮಾತನ್ನು ಇಂದು ನಾವೇ ಪರೀಕ್ಷಿಸಿ ನೋಡೋಣ. ಹೊಸಪೇಟೆಯಿಂದ ನಮ್ಮೂರಿನ ಮೇಲೆ ಕಂಪ್ಲಿಗೆ ಹೋಗುವ ಹಾದಿಯಲ್ಲಿ ಕಬ್ಬಿನ ಗಾಡಿಗಳಿವೆ, ಮೇಯ್ದು ಮನೆಗೆ ತಿರುಗುವ ದನಗಳಿವೆ, ಹಂಪಿಗೆ ನಡೆದು ಹೋಗುವ ಯಾತ್ರಿಕರಿದ್ದಾರೆ. 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ. ಮುಸ್ಸಂಜೆಯಲ್ಲಿ ಕರಡಿ ಗುಡ್ಡ ಇಳಿಯುವುದು ನಮಗೆ ಹೊಸತಲ್ಲ. ದಿನವೂ ಓಡಾಡುವ ಹಾದಿಯಲ್ಲಿ ದಿನವೂ ಇರುವುದು 'ಏಕಾಏಕಿ' ಹೇಗಾದೀತು?

ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಕಂಡದ್ದಕ್ಕೆ ಕಾಲು ಬ್ರೇಕು ಮುಟ್ಟುವಷ್ಟರಲ್ಲಿ ಸೆಕೆಂಡು ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕು ಒತ್ತಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ದೀಪದ ಬೆಳಕು ಬೀಳುವಷ್ಟರೊಳಗೆ ನಿಲ್ಲಿಸಬಲ್ಲ ವೇಗವೇ ರಾತ್ರಿಯ ವೇಗ. ಗಾಬರಿಯಲ್ಲಿ ಸ್ಟೇರಿಂಗನ್ನು ಒಮ್ಮೆಲೇ ತಿರುವಿದರೆ ತುಂಬಿದ ಲಾರಿ ಮಗುಚೀತು, ಇಲ್ಲವೆ ಎದುರಿನವರ ಮೇಲೆ ಹೋದೀತು. ಗಾಡಿಯನ್ನು ನೇರ ಹಿಡಿದು ಬ್ರೇಕು ಒತ್ತಬೇಕು. ಇದು ನಮ್ಮ ಹೊಣೆ. ಇದರಲ್ಲಿ ನೆಪ ಹೇಳಬಾರದು.

ಆದರೆ ಆ ಒಂದು ಸೆಕೆಂಡು ನಿದ್ದೆಗೆಟ್ಟವನಿಗೆ ಎರಡಾಗುತ್ತದೆ. ನಿದ್ದೆ ಕಸಿದವರು ಯಾರು? 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವವರೆಗೆ, ಸಂಡೂರಿನ ಅದಿರನ್ನು ಮಿತಿಮೀರಿ ಹೊತ್ತ ಲಾರಿಗಳು ಹಗಲಿರುಳು ಓಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮೋಟಾರು ಸಾರಿಗೆ ಕಾರ್ಮಿಕರ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರಲ್ಲೇ ಕಾಯಿದೆ ಬಂತು. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಗಡಿಯಾರ ಎಲ್ಲಿಯದು? ಒಂದು ಟ್ರಿಪ್ಪು ಬಿಟ್ಟರೆ ಮನೆಯಲ್ಲಿ ಒಲೆ ಉರಿಯದು.

ಇನ್ನು ಓಡಿಹೋಗುವ ಮಾತು. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ಹೇಳುತ್ತದೆ. ಜನ ರೊಚ್ಚಿಗೆದ್ದಾಗ ಅಲ್ಲಿ ನಿಲ್ಲುವುದು ಕಷ್ಟವೆಂದು ಅದೇ ಕಲಮು ಒಪ್ಪುತ್ತದೆ. ಹಾಗಿದ್ದರೂ, ತಿಳಿಸದೆ ಓಡಿಹೋದವನಿಗೆ 10 ವರುಷದವರೆಗೆ ಸೆರೆ ಎಂದು ಹೊಸ ನ್ಯಾಯ ಸಂಹಿತೆಯಲ್ಲಿ ಬರೆದರು. 2024ರ ಜನವರಿಯಲ್ಲಿ ದೇಶದ ಡ್ರೈವರುಗಳು ಗಾಡಿ ನಿಲ್ಲಿಸಿದರು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು.

ಇದನ್ನು ಓಡಿಹೋಗಲು ಸಿಕ್ಕ ಪರವಾನಗಿ ಎಂದು ಯಾರೂ ತಿಳಿಯಬಾರದು. ಹಾದಿಯಲ್ಲಿ ಬಿದ್ದವನೂ ನಮ್ಮಂತೆ ದುಡಿದು ತಿನ್ನುವವನೇ. ಅವನನ್ನು ರಕ್ತದಲ್ಲಿ ಬಿಟ್ಟು ಹೋದವನು ತನ್ನ ವರ್ಗಕ್ಕೇ ದ್ರೋಹ ಬಗೆದಂತೆ. ನಿಲ್ಲಲಾಗದಿದ್ದರೆ 108ಕ್ಕೆ ಫೋನು ಮಾಡಿ, ನೇರ ಠಾಣೆಗೆ ಹೋಗಿ.

ನಮ್ಮ ಹೊಣೆ ನಾವು ಹೊರುತ್ತೇವೆ. ಆದರೆ ಸವೆದ ಟಾಯರು ಕೊಟ್ಟವನು, ಹೆಚ್ಚು ಭಾರ ಹೇರಿಸಿದವನು, ಹಾದಿಯ ಗುಂಡಿ ಮುಚ್ಚದವನು ಕೂಡ ಕಟಕಟೆಗೆ ಬರಬೇಕು. ತಿಂಗಳ ಸಂಬಳ, ರಾತ್ರಿಯ ನಿದ್ದೆ, ಒಳ್ಳೆಯ ಬ್ರೇಕು: ಇವು ನಾವು ಕೇಳುವ ದಯೆಯಲ್ಲ. ಹಾದಿಯಲ್ಲಿ ನಡೆಯುವ ಪ್ರತಿಯೊಬ್ಬರ ಪ್ರಾಣದ ಪರವಾಗಿ ನಾವು ಮಂಡಿಸುವ ಹಕ್ಕು.