ಜಂಗಮವಾಣಿಯ ಒಡೆತನ: ಜಮೆ ಮತ್ತು ಖರ್ಚು

(ಸಂಘದ ತಿಂಗಳ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಜಂಗಮವಾಣಿ: ವರವೋ, ಶಾಪವೋ?’ ಎಂಬುದು. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಇಂಥ ವಿಷಯದ ಮೇಲೆ ಪರವಾಗಿ ಮೂವರು, ವಿರೋಧವಾಗಿ ಮೂವರು ಮಾತಾಡಿ, ತೀರ್ಪುಗಾರರು ಎರಡು ಪಕ್ಷವನ್ನೂ ಮೆಚ್ಚಿ, ಎಲ್ಲರೂ ಚಹಾ ಕುಡಿದು ಮನೆಗೆ ಹೋಗುವುದುಂಟು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ವರ-ಶಾಪಗಳ ಭಾಷೆ ಅಷ್ಟಾಗಿ ಒಗ್ಗದು. ಜಮೆಯ ಕಡೆ ಏನಿದೆ, ಖರ್ಚಿನ ಕಡೆ ಏನಿದೆ, ಕೊನೆಗೆ ಉಳಿದ ಶಿಲ್ಕು ಯಾರ ಹೆಸರಿನಲ್ಲಿದೆ ಎಂದು ನೋಡುವುದಷ್ಟೇ ನನಗೆ ತಿಳಿದ ಕ್ರಮ. ಆ ಕ್ರಮದಲ್ಲಿಯೇ ನಾಲ್ಕು ಮಾತು ಹೇಳಬಯಸುತ್ತೇನೆ.

ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ದೂರವಾಣಿಯ ಕಥೆಯೆಂದರೆ ದೂರದ ಕಥೆಯೇ. 1970ರ ದಶಕದಲ್ಲಿ ನಾನು ಮುಂಬಯಿಗೆ ಬಂದಾಗ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಅದರಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಅವಸರವೂ ಹಣವಿದ್ದವನಿಗೆ ಮೀಸಲು. ಉಡುಪಿ ಹೊಟೇಲುಗಳಲ್ಲಿ ಹಗಲು ದುಡಿದು, ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತಿದ್ದ ಹುಡುಗರಿಗೆ ಅದರ ಗೊಡವೆಯೇ ಇರಲಿಲ್ಲ. ಅವರಿಗೆ ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ. ಮನಿ ಆರ್ಡರ್ ಕಳುಹಿಸಿದರೆ ಅದರ ಕೂಪನ್ನಿನಲ್ಲಿ ‘ನಾನು ಕ್ಷೇಮ’ ಎಂದು ಬರೆಯುವಷ್ಟು ಜಾಗ. ತಂತಿ ಬಂತೆಂದರೆ ಅದನ್ನು ಒಡೆಯುವ ಮೊದಲೇ ಮನೆಯವರ ಕಣ್ಣಲ್ಲಿ ನೀರು. ಆ ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು.

ದೇಶದ ಹಳ್ಳಿಗಳಿಗೆ ದೂರವಾಣಿ ತಲುಪಿದ್ದರಲ್ಲಿ ಕನ್ನಡ ನೆಲಕ್ಕೂ ಒಂದು ಪಾತ್ರವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಧೂಳು, ಬಿಸಿಲು, ವಿದ್ಯುತ್ತಿನ ಏರುಪೇರುಗಳನ್ನು ತಾಳಿಕೊಳ್ಳಬಲ್ಲ ಸಣ್ಣ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿ, 1986ರಲ್ಲಿ ಮೊದಲು ಸ್ಥಾಪಿಸಿದ್ದು ನಮ್ಮ ಕಿತ್ತೂರಿನಲ್ಲಿ. ಅನಂತರ ಊರೂರಿಗೆ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ದರ ಇಳಿದ ಮೇಲೆ ಅವುಗಳ ಮುಂದೆ ಸಾಲುಗಟ್ಟಿ ನಿಂತವರು ಈ ಸಭೆಯಲ್ಲಿಯೂ ಇದ್ದಾರೆ. ಆ ಫೋನು ಯಾರ ಸ್ವತ್ತೂ ಆಗಿರಲಿಲ್ಲ. ನಾಣ್ಯ ಕೊಟ್ಟವರೆಲ್ಲರದೂ ಆಗಿತ್ತು.

ಸ್ವತ್ತಿನ ಪ್ರಶ್ನೆ ಬಂದದ್ದು ಆಮೇಲೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಆಡಿದ ಮಾತೇ ಭಾರತದ ಮೊದಲ ಸೆಲ್ ಫೋನ್ ಕರೆ. ಆರಂಭದಲ್ಲಿ ಕರೆ ಮಾಡಿದವನಿಗಷ್ಟೇ ಅಲ್ಲ, ಕರೆ ಸ್ವೀಕರಿಸಿದವನಿಗೂ ಶುಲ್ಕ. ಆದ್ದರಿಂದ ಅದು ಉದ್ಯಮಿಗಳ ಸೊಂಟಕ್ಕೆ ಕಟ್ಟಿದ ಆಭರಣವಾಗಿಯೇ ಉಳಿಯಿತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಚಿತ್ರವೇ ಬದಲಾಯಿತು. ಗಾರೆಯವನು, ಪ್ಲಂಬರ್, ರಿಕ್ಷಾ ಚಾಲಕ, ಮನೆಗೆಲಸದ ಹೆಂಗಸು ಎಲ್ಲರೂ ತಮ್ಮದೇ ಆದ ಸಂಖ್ಯೆಯನ್ನು ಪಡೆದರು. ವಿಳಾಸವೇ ಇಲ್ಲದ ಚಾಳಿನ ಬಾಡಿಗೆದಾರನಿಗೆ ಮೊದಲ ಬಾರಿಗೆ ಒಂದು ವಿಳಾಸ ಸಿಕ್ಕಿತು. ಜಮೆಯ ಬದಿಯ ಮೊದಲ ನಮೂದು ಇದು; ನನ್ನ ದೃಷ್ಟಿಯಲ್ಲಿ ದೊಡ್ಡ ನಮೂದು.

ಎರಡನೆಯದು ಕರಾವಳಿಯ ಬಂಧುಗಳಿಗೆ ಹತ್ತಿರವಾದದ್ದು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ಉತ್ತರ ಕೇರಳದ ಮೀನುಗಾರಿಕೆಯ ಬಗ್ಗೆ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕೋಳಿಕ್ಕೋಡು, ಕಣ್ಣೂರು ಮತ್ತು ನಮ್ಮವರು ಬಹಳಷ್ಟಿರುವ ಕಾಸರಗೋಡು ಅದರ ಕ್ಷೇತ್ರ. 1997ರಿಂದ 2001ರ ಅವಧಿಯಲ್ಲಿ ಅಲ್ಲಿಗೆ ಸೆಲ್ ಫೋನ್ ಬರುವ ಮೊದಲು ಬೂತಾಯಿ ಹಿಡಿದವನು ತನ್ನೂರಿನ ದಡಕ್ಕೇ ಬಂದು ಮಾರುತ್ತಿದ್ದ. ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲಿಹೋಗುತ್ತಿದ್ದರೆ, ಕೆಲವೇ ಮೈಲಿ ದೂರದ ಇನ್ನೊಂದು ದಡದಲ್ಲಿ ಕೊಳ್ಳುವವರಿಗೆ ಮೀನಿಲ್ಲ. ಫೋನ್ ಬಂದ ಮೇಲೆ ಕಡಲಿನಿಂದಲೇ ಬೆಲೆ ವಿಚಾರಿಸಿ ದೋಣಿ ತಿರುಗಿಸುವುದು ಸಾಧ್ಯವಾಯಿತು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೆ ಲಾಭ ತಂದ ಸಾಧನವನ್ನು ಶಾಪವೆಂದು ಕರೆಯಲು ನನ್ನಿಂದಾಗದು.

ಇನ್ನು ಖರ್ಚಿನ ಬದಿ. ಕಣ್ಣು ಹಾಳಾಗುತ್ತದೆ, ಮಕ್ಕಳು ಕೆಡುತ್ತಾರೆ ಎಂಬ ಮಾತನ್ನು ಪ್ರತಿ ಮನೆಯಲ್ಲಿಯೂ ಕೇಳುತ್ತೇವೆ. ಅದು ಸುಳ್ಳಲ್ಲ, ಆದರೆ ನಾನು ಬೇರೆ ನಮೂದುಗಳತ್ತ ನಿಮ್ಮ ಗಮನ ಸೆಳೆಯುತ್ತೇನೆ.

ಮೊದಲನೆಯದು, ನಾವು ಇದನ್ನೇ ನಂಬಿ ಉಳಿದೆಲ್ಲವನ್ನೂ ಕಳಚಿಹಾಕುತ್ತಿರುವುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಅತ್ಯಗತ್ಯವಾಗಿದ್ದ ಹೊತ್ತಿನಲ್ಲಿಯೇ ನಗರದ ಅನೇಕ ಕಡೆ ಫೋನುಗಳು ಮೂಕವಾದವು. ಮರುವರ್ಷ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಸ್ಫೋಟಗಳಾದ ಸಂಜೆಯೂ ಹಾಗೆಯೇ. ಆ ರಾತ್ರಿಗಳಲ್ಲಿ ಕೈಹಿಡಿದವರು ಪರಿಚಯವಿಲ್ಲದ ಮನೆಯ ಬಾಗಿಲು ತೆರೆದವರು, ನೀರು-ಬಿಸ್ಕತ್ತು ಹಿಡಿದು ರಸ್ತೆಯಲ್ಲಿ ನಿಂತವರು.

ಎರಡನೆಯದು ಭಾಷೆಗೆ ಸಂಬಂಧಿಸಿದ್ದು. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೂ ಕೈಯಲ್ಲಿರುವ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡಲು ಎರಡು ದಶಕ ಬೇಕಾಯಿತು. ಎಸ್‌ಎಂಎಸ್ ಸಂದೇಶದಲ್ಲಿ ರೋಮನ್ ಲಿಪಿಗೆ 160 ಸಂಕೇತಗಳ ಅವಕಾಶ. ಕನ್ನಡದಲ್ಲಿ ಬರೆದರೆ ಕೇವಲ 70. ‘ಸ್ತ್ರೀ’ ಎಂಬ ಒಂದು ಅಕ್ಷರವೇ ಆರು ಸಂಕೇತಗಳನ್ನು ನುಂಗುತ್ತದೆ. ಹೀಗಿರುವಾಗ ಒಂದು ಇಡೀ ಪೀಳಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿತದ್ದರಲ್ಲಿ ಆಶ್ಚರ್ಯವಿಲ್ಲ. 2016ರಲ್ಲಿ ರೂಪಿತವಾದ ಭಾರತೀಯ ಮಾನಕವು, ದೇಶದಲ್ಲಿ ಮಾರುವ ಫೋನುಗಳಲ್ಲಿ ಎಂಟನೆಯ ಪರಿಚ್ಛೇದದ 22 ಭಾಷೆಗಳನ್ನೂ ಓದಲು ಬರಬೇಕು, ಬರೆಯಲು ಇಂಗ್ಲಿಷ್, ಹಿಂದಿಗಳೊಡನೆ ಇನ್ನೊಂದು ಭಾರತೀಯ ಭಾಷೆಯಾದರೂ ಇರಬೇಕು ಎಂದು ವಿಧಿಸಿತು. ಆ ‘ಇನ್ನೊಂದು’ ಎಂಬ ಸ್ಥಾನದಲ್ಲಿಯೇ ಕನ್ನಡ ತಮಿಳು ತೆಲುಗುಗಳೆಲ್ಲ ಸರತಿಯಲ್ಲಿ ನಿಲ್ಲಬೇಕಾಯಿತೆಂಬುದನ್ನು ಗಮನಿಸಿ. ಇಂದು ಸಾಮಾನ್ಯ ಸ್ಮಾರ್ಟ್ ಫೋನಿನಲ್ಲಿ ಕನ್ನಡ ಕೀಲಿಮಣೆಗೆ ತೊಂದರೆಯಿಲ್ಲ. ಆದರೆ ಅಭ್ಯಾಸ ತಪ್ಪಿದ ಕೈ ಮರಳಿ ಬರುವುದು ತಡ.

ನಮ್ಮ ಮನೆಗಳಲ್ಲಿ ಇದರ ಪರಿಣಾಮ ವಿಚಿತ್ರವಾಗಿದೆ. ಮೊಮ್ಮಕ್ಕಳು ಊರಿನ ಅಜ್ಜಿಯ ಮುಖ ನೋಡುತ್ತಾ ದಿನವೂ ಮಾತಾಡುತ್ತಾರೆ; ಹಿಂದೆ ಬೇಸಿಗೆ ರಜೆಗೆ ಮಾತ್ರ ಕೇಳಿಸುತ್ತಿದ್ದ ಕುಂದಾಪುರದ ಕನ್ನಡ, ಧಾರವಾಡದ ಕನ್ನಡ ಈಗ ಮುಲುಂಡ್, ಡೊಂಬಿವಲಿಗಳ ಊಟದ ಮೇಜಿನ ಮೇಲಿದೆ. ಇದು ಜಮೆಯೇ. ಆದರೆ ಅದೇ ಮಗುವಿಗೆ ಅಜ್ಜಿ ಬರೆದ ಚೀಟಿಯನ್ನು ಓದಲು ಬಾರದು. ಪತ್ರ ಬರೆಯಲೇಬೇಕಾಗಿದ್ದ ಕಾಲದಲ್ಲಿ ಊರಿನ ನೆನಪು ತಾನಾಗಿಯೇ ಲಿಪಿಯನ್ನು ಕಾಪಾಡುತ್ತಿತ್ತು. ಫೋನು ನುಡಿಯನ್ನು ಹತ್ತಿರ ತಂದು, ಬರಹವನ್ನು ದೂರ ಮಾಡಿದೆ.

ಮೂರನೆಯ ನಮೂದಿಗಾಗಿಯೇ ನಾನು ಇಂದು ಇಲ್ಲಿ ನಿಂತಿದ್ದೇನೆ. ಯಾವುದೇ ವಸ್ತುವಿನ ಒಡೆತನಕ್ಕೆ ಅರ್ಥ ಬರುವುದು ಅದನ್ನು ಬೇಡವೆನ್ನುವ ಸ್ವಾತಂತ್ರ್ಯವಿದ್ದಾಗ. ಇಪ್ಪತ್ತು ವರ್ಷಗಳ ಹಿಂದೆ ‘ನನ್ನ ಬಳಿ ಸೆಲ್ ಫೋನ್ ಇಲ್ಲ’ ಎಂದು ಹೇಳಬಹುದಿತ್ತು. ಕೆಲವರು ಅದನ್ನು ಹೆಮ್ಮೆಯಿಂದಲೂ ಹೇಳುತ್ತಿದ್ದರು. ಇಂದು ಹಾಗೆ ಹೇಳುವವನಿಗೆ ಬ್ಯಾಂಕಿನ ಕಿಟಕಿ, ರೈಲಿನ ಟಿಕೆಟ್ಟು, ಸರಕಾರದ ಅರ್ಜಿ, ಎಷ್ಟೋ ಆಸ್ಪತ್ರೆಗಳ ಸರತಿ, ಎಲ್ಲವೂ ಒಂದೊಂದಾಗಿ ದೂರವಾಗುತ್ತಿವೆ. ಎಲ್ಲೆಡೆ ಒಂದೇ ಪ್ರಶ್ನೆ: ಓಟಿಪಿ ಬಂತೇ?

2021ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆ ಆರಂಭವಾದಾಗ ಕೋವಿನ್ ತಾಣದಲ್ಲಿ ಮುಂಗಡ ನೋಂದಣಿ ಕಡ್ಡಾಯವಾಗಿತ್ತು. ಪ್ರಾಣ ಉಳಿಸುವ ಮದ್ದಿಗೂ ನಾಗರಿಕನಿಗೂ ನಡುವೆ ಒಂದು ಫೋನು ನಿಂತಿತು. ಡಿಜಿಟಲ್ ಸಾಧನಗಳಿಲ್ಲದವರ ಗತಿಯೇನು ಎಂದು ಸರ್ವೋಚ್ಚ ನ್ಯಾಯಾಲಯವೇ ಪ್ರಶ್ನಿಸಿತು. ಆ ತಿಂಗಳ ಕೊನೆಯ ವಾರ ಸರಕಾರಿ ಕೇಂದ್ರಗಳಲ್ಲಿ ನೇರವಾಗಿ ಹೋಗಿ ಹೆಸರು ಬರೆಸಲು ಅವಕಾಶವಾಯಿತು. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಫೋನ್ ಹೊಂದಿದ್ದವರು ಶೇ. 54 ಮಾತ್ರ. ಉಳಿದವರ ಓಟಿಪಿ ಗಂಡನ ಕಿಸೆಗೋ ಮಗನ ಕಿಸೆಗೋ ಹೋಗುತ್ತದೆ. ಖಾತೆ ಅವಳ ಹೆಸರಿನಲ್ಲಿ, ಬೀಗದ ಕೈ ಇನ್ನೊಬ್ಬರ ಬಳಿ.

ಸಂಖ್ಯೆಯಾದರೂ ನಮ್ಮದೇ? ಊರಿನಲ್ಲಿರುವ ನನ್ನ ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ್ದವಳಿಗೆ ರೀಚಾರ್ಜಿನ ನೆನಪಿರಲಿಲ್ಲ, ಸಂಖ್ಯೆ ಕಡಿದುಹೋಯಿತು. ಕಡಿದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಬಳಿಕ ಬೇರೆಯವರಿಗೆ ಹಂಚಬಹುದೆಂಬುದು ನಿಯಮ. ಅವಳ ಪಿಂಚಣಿ ಖಾತೆ ಆ ಸಂಖ್ಯೆಗೇ ಜೋಡಿಸಲ್ಪಟ್ಟಿತ್ತು. ಇಪ್ಪತ್ತು ವರ್ಷ ಅವಳ ಮುಖ ನೋಡಿ ಹಣ ಕೊಟ್ಟ ಶಾಖೆಯಲ್ಲಿ ಈಗ ಇದ್ದವರು ಹೊಸಬರು. ಹೊಸ ಸಂಖ್ಯೆ ನಮೂದಿಸಲು ಅವಳನ್ನು ಮೂರು ಬಾರಿ ರಿಕ್ಷಾದಲ್ಲಿ ಕರೆದೊಯ್ಯಬೇಕಾಯಿತು. ಮೂರನೆಯ ಬಾರಿ ಅವಳು, “ತಮ್ಮಾ, ನಾನು ಇಲ್ಲಿ ಕೂತಿದ್ದೇನಲ್ಲ, ಇದಕ್ಕಿಂತ ದೊಡ್ಡ ಗುರುತು ಯಾವುದು?” ಎಂದು ಕೇಳಿದಳು. ಮೂವತ್ತೈದು ವರ್ಷ ಬ್ಯಾಂಕಿನ ಕಿಟಕಿಯ ಆ ಬದಿಯಲ್ಲಿ ಕುಳಿತಿದ್ದ ನನ್ನಲ್ಲಿ ಉತ್ತರವಿರಲಿಲ್ಲ.

ಹೀಗೆ ಒಂದು ಸಂಖ್ಯೆಗೆ ಬದುಕನ್ನೆಲ್ಲ ಕಟ್ಟಿದಾಗ ಅದನ್ನು ಕದಿಯುವವರೂ ಹುಟ್ಟುತ್ತಾರೆ. ಪೊಲೀಸರಂತೆ ವೇಷ ಹಾಕಿ ವಿಡಿಯೋ ಕರೆಯಲ್ಲಿ ‘ಡಿಜಿಟಲ್ ಬಂಧನ’ ಎಂದು ಬೆದರಿಸಿ ವೃದ್ಧರ ಉಳಿತಾಯವನ್ನು ದೋಚುವ ದಂಧೆ ನಡೆದಿದೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಿರಿಯರು ದಯಮಾಡಿ ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ತೀರ್ಪು ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಮುದುಕರು ಹೊಸ ಕಾಲಕ್ಕೆ ಸಲ್ಲರೆಂದು ಹೇಳುವವರು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಹಾಗಾದರೆ ಶಿಲ್ಕೆಷ್ಟು? ಜಂಗಮವಾಣಿಯನ್ನು ಬಿಸಾಡಿ ಎಂದು ನಾನು ಹೇಳಲಾರೆ. ನನ್ನ ಕಿಸೆಯಲ್ಲಿಯೂ ಅದು ಇದೆ. ಬಡವನಿಗೆ ಅದು ಕೊಟ್ಟ ದನಿಯನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅನುಕೂಲವೆಂದು ಬಂದದ್ದು ಅನಿವಾರ್ಯವಾಗಿ, ಅನಿವಾರ್ಯವಾದದ್ದು ಅರ್ಹತೆಯಾಗಿ ಬದಲಾಗುವುದನ್ನು ನಾವು ಸುಮ್ಮನೆ ನೋಡುತ್ತ ಕೂರಬಾರದು. ಫೋನ್ ಇಲ್ಲದವನಿಗೂ, ಇದ್ದು ಬಳಸಲಾರದವನಿಗೂ ಪ್ರತಿ ಸಾರ್ವಜನಿಕ ಸೇವೆಯಲ್ಲಿ ಇನ್ನೊಂದು ಬಾಗಿಲು ಇರಬೇಕು. ಆ ಬಾಗಿಲಲ್ಲಿ ಮನುಷ್ಯನೊಬ್ಬ ಕೂತಿರಬೇಕು. ಇದು ದಯೆಯ ಮಾತಲ್ಲ, ನಾಗರಿಕ ಹಕ್ಕಿನ ಮಾತು.

ಸರಕಾರ ಮಾಡುವಾಗ ಮಾಡಲಿ. ಸಂಘ ಮಾಡಬಹುದಾದ ಎರಡು ಕೆಲಸಗಳನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತೇನೆ. ಒಂದು, ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ನಮ್ಮ ವಾಚನಾಲಯದಲ್ಲಿ ಇಬ್ಬರು ತರುಣರು ಕುಳಿತು, ಹಿರಿಯರಿಗೆ ರೀಚಾರ್ಜು, ಬ್ಯಾಂಕಿನ ಅರ್ಜಿ, ಮೋಸದ ಕರೆಗಳ ವಿಚಾರದಲ್ಲಿ ನೆರವಾಗುವುದು. ಇನ್ನೊಂದು, ಅದೇ ಹೊತ್ತಿನಲ್ಲಿ ಆ ಹಿರಿಯರು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿ, ವಾರಕ್ಕೊಮ್ಮೆ ಊರಿನವರಿಗೆ ಐದು ಸಾಲನ್ನಾದರೂ ಕನ್ನಡ ಲಿಪಿಯಲ್ಲಿ, ಅದೇ ಫೋನಿನಿಂದ ಬರೆಸುವುದು. ಹಗಲು ದುಡಿದವರಿಗೆ ರಾತ್ರಿ ಅಕ್ಷರ ಕಲಿಸಿದ ಪರಂಪರೆ ಈ ನಗರದ ಕನ್ನಡಿಗರದು. ಇದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ. ಮುಂದಿನ ಭಾನುವಾರದಿಂದಲೇ ಆರಂಭಿಸುವುದಾದರೆ ಮೊದಲ ತಿಂಗಳ ಮೇಜಿಗೆ ನಾನು ಬರುತ್ತೇನೆ.