ನೋವನ್ನು ಮುಚ್ಚಿಡುವುದು ಸಹನೆಯಲ್ಲ

(ಜುಮಾ ಖುತ್ಬಾದ ಸಾರಾಂಶ)



ನಿಪ್ಪಾಣಿಯ ಹೊಗೆಸೊಪ್ಪು ನಮ್ಮ ಎಷ್ಟೋ ಮನೆಗಳ ಒಲೆ ಉರಿಸಿದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮಲ್ಲಿದ್ದಾರೆ. ಅದೇ ಸೊಪ್ಪು ಗುಟ್ಕಾ, ಮಿಶ್ರಿಯಾಗಿ ಬಾಯಿ ಸೇರಿ, ಕ್ಯಾನ್ಸರಾಗಿ ಮನೆಗೆ ಮರಳುವುದನ್ನೂ ಕಾಣುತ್ತಿದ್ದೇವೆ. ಕಾಗವಾಡ, ಅಥಣಿಯವರು ಮಿರಜಕ್ಕೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೆ ಓಡಾಡುತ್ತಾರೆ. ಜನ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆ ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6–7 ವಾರ ನಡೆಯುತ್ತದೆ.

ಎರಡು-ಮೂರನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗುತ್ತದೆ. ಉಗುಳು ನುಂಗುವುದೂ ಕಷ್ಟವಾಗುತ್ತದೆ. ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಈ ನೋವು ಉಳಿಯುತ್ತದೆ. ಆಗ ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ ಮನೆಯಲ್ಲಿ ಪಿಸುಮಾತು ಶುರು: ಅದು ಅಫೀಮು, ನಶೆ, ಹರಾಮ್, ಒಮ್ಮೆ ತಿಂದರೆ ಬಿಡದು. ಗುಳಿಗೆ ಕಪಾಟಿನಲ್ಲಿ ಉಳಿಯುತ್ತದೆ. ರೋಗಿ ಊಟ ಬಿಡುತ್ತಾರೆ, ಸೊರಗುತ್ತಾರೆ, ಕೊನೆಗೆ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಟ್ಟು ಮನೆಗೆ ಬರುತ್ತಾರೆ. ನಡುವೆ ದಿನಗಳು ತಪ್ಪಿದರೆ ವಿಕಿರಣದ ಫಲ ಕುಗ್ಗುತ್ತದೆ. ನಾವು ಹೆದರಬೇಕಾದದ್ದು ಇದಕ್ಕೆ.

ಪ್ರವಾದಿ ಅಯ್ಯೂಬ್(ಅ)ರು ತನ್ನನ್ನು ಸಂಕಟ ತಟ್ಟಿದೆಯೆಂದು ಪ್ರಭುವಿನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಅವರನ್ನೇ ಕುರ್‌ಆನ್ ಸಹನಶೀಲರೆಂದು ಹೊಗಳಿತು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ನಮಗೆ ಹೇಳಿದ್ದಾರೆ. ನೋವಿನಿಂದ ಪಾಪ ಕ್ಷಮೆಯಾಗುತ್ತದೆ ಎಂಬ ಹದೀಸ್ ರೋಗಿಗೆ ಸಾಂತ್ವನ. ಔಷಧ ತಡೆಯಲು ಸಂಬಂಧಿಕರ ಕೈಗೆ ಕೊಟ್ಟ ಕೋಲಲ್ಲ. ಮೋಜಿಗಾಗಿ ಮತ್ತೇರಿಸಿಕೊಳ್ಳುವುದು ಬೇರೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆ ತೆಗೆದುಕೊಳ್ಳುವುದು ಬೇರೆ. ಅನಿವಾರ್ಯತೆಯ ವಿಷಯದಲ್ಲಿ ಶರೀಅತ್ ಕೊಟ್ಟ ರಿಯಾಯಿತಿ ಇಂಥ ರೋಗಿಗೂ ಇದೆಯೆಂದು ವಿದ್ವಾಂಸರು ಹೇಳುತ್ತಾರೆ. ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿಯೇ ನಮಾಝ್ ಮಾಡಲಿ.

ಇನ್ನು ಮನೆಯವರು ತಿಳಿದಿರಬೇಕಾದ ಮಾತುಗಳು. ಸಾಮಾನ್ಯ ಮಾರ್ಫಿನ್ ಗುಳಿಗೆಯ ಪರಿಣಾಮ ಸುಮಾರು 4 ಗಂಟೆ. ಆದ್ದರಿಂದ ನೋವು ಏರುವವರೆಗೆ ಕಾಯದೆ, ವೈದ್ಯರು ಹೇಳಿದ ಹೊತ್ತಿಗೆ ಕೊಡಬೇಕು. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ. ಅದರ ಔಷಧವನ್ನು ಮೊದಲ ದಿನವೇ ಕೇಳಿ ಪಡೆಯಿರಿ. ಮೊದಲ ಕೆಲವು ದಿನ ತೂಕಡಿಕೆ ಇರಬಹುದು. ಆದರೆ ಕರೆದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಿದ್ರೆ ಗುಳಿಗೆಯನ್ನು ನಾವೇ ಸೇರಿಸಿ ಕೊಡಬಾರದು. ನುಂಗಲಾಗದೆಂದು ನಿಧಾನವಾಗಿ ಕರಗುವ ಗುಳಿಗೆಯನ್ನು ಪುಡಿ ಮಾಡುವುದು ಅಪಾಯ; ಬೇರೆ ರೂಪದ್ದನ್ನು ಬರೆದುಕೊಡಲು ವೈದ್ಯರಿಗೆ ಹೇಳಿ. ಹುಣ್ಣು ಮಾಗಿದ ಮೇಲೆ ಅವರೇ ಹಂತಹಂತವಾಗಿ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ದೇಹ ಒದ್ದಾಡುತ್ತದೆ, ಅದನ್ನು ಕಂಡು ‘ಚಟ ಹತ್ತಿತು’ ಎನ್ನುವುದು ಅನ್ಯಾಯ. ಉಗುರುಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸುವುದೂ ಹಿತ. ಮಿಶ್ರಿ ಮಾತ್ರ ಮತ್ತೆ ಮುಟ್ಟಬಾರದು, ‘ಸ್ವಲ್ಪ’ ಎಂದರೂ.

ಮಾದಕವಸ್ತುಗಳ ಕುರಿತ 1985ರ ಕಾನೂನಿನಿಂದಾಗಿ ಮಾರ್ಫಿನ್ ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ವೈದ್ಯಕೀಯ ಬಳಕೆಯ ದಾರಿ ಸುಲಭ ಮಾಡಿತು. ಹಾಗಿದ್ದರೂ ನಮ್ಮೂರಿನ ಪ್ರತಿ ಮೆಡಿಕಲ್ ಅಂಗಡಿಯಲ್ಲಿ ಅದು ಸಿಗದು. ಶನಿವಾರ ಮನೆಗೆ ಹೊರಡುವ ಮೊದಲೇ ಗುಳಿಗೆ ಎಣಿಸಿಕೊಳ್ಳಿ, ಚೀಟಿ ಜೋಪಾನ ಮಾಡಿ.

ಮಾತು ಹೊರಡದ ರೋಗಿಗೆ ‘ನೋವು ಹತ್ತರಲ್ಲಿ ಎಷ್ಟು?’ ಎಂದು ಕೇಳಿ, ಬೆರಳಿನಲ್ಲಿ ತೋರಿಸಲಿ. ನಮ್ಮ ಹೆಣ್ಣುಮಕ್ಕಳು ಎಂಟಿದ್ದರೂ ಎರಡು ಎನ್ನುತ್ತಾರೆ. ಊಟದ ತಟ್ಟೆ ನೋಡಿದರೆ ನಿಜ ತಿಳಿಯುತ್ತದೆ. ಗುಳಿಗೆಗಳು ಬೀಗದೊಳಗಿರಲಿ, ಹರೆಯದ ಹುಡುಗರಿರುವ ಮನೆಯಲ್ಲಂತೂ ಖಂಡಿತ. ಚಿಕಿತ್ಸೆ ಮುಗಿದು ಉಳಿದದ್ದನ್ನು ನೆರೆಯವರ ಮೊಣಕಾಲು ನೋವಿಗೆಂದು ದಾನ ಮಾಡದೆ, ಕೊಟ್ಟ ಆಸ್ಪತ್ರೆಗೇ ಒಯ್ದು ಏನು ಮಾಡಬೇಕೆಂದು ಕೇಳಿ.