ಗರ್ಭಿಣಿಯ ರಕ್ತಪರೀಕ್ಷೆ ಮತ್ತು ಯಂತ್ರದ ಅಳತೆ



ತಾಯಿ ಕಾರ್ಡಿನಲ್ಲಿ ಹೆಮೊಗ್ಲೋಬಿನ್ ಎಂಬುದರ ಎದುರು ಬರೆದ ಅಂಕಿಯನ್ನು ತಾವು ನೋಡಿರುತ್ತೀರಿ. ಗರ್ಭಿಣಿಯಲ್ಲಿ ಅದು 100 ಮಿಲಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7 ಗ್ರಾಂಗಿಂತ ಇಳಿದರೆ ತೀವ್ರ ರಕ್ತಹೀನತೆ. ಅಂತಹ ತಾಯಿಗೆ ಹೆರಿಗೆಯ ಸಾಧಾರಣ ರಕ್ತಸ್ರಾವವೂ ಪ್ರಾಣಾಪಾಯ ತರಬಲ್ಲದು. ಆದಕಾರಣ ಈ ಅಂಕಿಯು ಹೇಗೆ ದೊರೆಯುತ್ತದೆಂಬುದನ್ನು ತಾವಿಬ್ಬರೂ ತಿಳಿದಿರುವುದು ಒಳ್ಳೆಯದು.

ಹಿಂದೆ ಸಾಹ್ಲಿ ವಿಧಾನದಲ್ಲಿ ರಕ್ತಕ್ಕೆ ಆಮ್ಲ ಬೆರೆಸಿ, ಅದರ ಬಣ್ಣವನ್ನು ಗಾಜಿನ ಮಾದರಿಯೊಡನೆ ಕಣ್ಣಳತೆಯಿಂದಲೇ ಹೋಲಿಸಲಾಗುತ್ತಿತ್ತು. ನೋಡುವವರ ಕಣ್ಣು ಬದಲಾದರೆ ಅಂಕಿಯೂ ಬದಲಾಗುತ್ತಿತ್ತು. ಫೋಟೋಮೀಟರ್ ಈ ಕೆಲಸವನ್ನು ಬೆಳಕಿನಿಂದ ಮಾಡುತ್ತದೆ. 5 ಮಿಲಿಲೀಟರ್ ದ್ರಾವಣದಲ್ಲಿ ರಕ್ತದ ಒಂದು ಸಣ್ಣ ಹನಿಯನ್ನು ಅಳೆದು ಬೆರೆಸಿ, ಅದರ ಮೂಲಕ ಹಸಿರು ಬೆಳಕನ್ನು ಹಾಯಿಸುತ್ತಾರೆ. ಹೆಮೊಗ್ಲೋಬಿನ್ ಹೆಚ್ಚಿದ್ದಷ್ಟೂ ದ್ರಾವಣವು ಹೆಚ್ಚು ಬೆಳಕನ್ನು ಹೀರುತ್ತದೆ.

ಆದರೆ ಯಂತ್ರಕ್ಕೆ ಗ್ರಾಂ ಎಂದರೇನೆಂದು ತಾನಾಗಿ ತಿಳಿಯದು. ತಂತ್ರಜ್ಞರು ಮೊದಲು ರಕ್ತವಿಲ್ಲದ ದ್ರಾವಣವನ್ನಿಟ್ಟು ಸೊನ್ನೆ ಹೊಂದಿಸುತ್ತಾರೆ. ಅನಂತರ ಪ್ರಮಾಣ ಗೊತ್ತಿರುವ ಮಾದರಿ ದ್ರಾವಣವನ್ನಿಡುತ್ತಾರೆ. 15 ಗ್ರಾಂನ ಮಾದರಿಗೆ ಯಂತ್ರ 0.40 ತೋರಿದರೆ ಗುಣಕವು 37.5 ಆಗುತ್ತದೆ. ಮುಂದಿನದು ಶಾಲೆಯಲ್ಲಿ ಕಲಿತ ತ್ರೈರಾಶಿಯೇ: ಗರ್ಭಿಣಿಯ ರಕ್ತಕ್ಕೆ 0.24 ಬಂದರೆ 9 ಗ್ರಾಂ. ಬಲ್ಬು ಅಥವಾ ದ್ರಾವಣ ಬದಲಾದ ಮೇಲೂ ಹಳೆಯ ಗುಣಕ 46 ಎಂದೇ ಉಳಿದಿದ್ದರೆ ಅದೇ ರಕ್ತವು 11 ಗ್ರಾಂ ಎಂದು ಕಾಣಿಸುತ್ತದೆ! ರಕ್ತಹೀನತೆಯಿರುವ ತಾಯಿಯು ಚೆನ್ನಾಗಿದ್ದೇನೆಂದು ನಂಬಿ ಮನೆಗೆ ಮರಳುತ್ತಾಳೆ.

ಡೈರಿಯಲ್ಲಿ ಹಾಲಿನ ಕೊಬ್ಬಿನಂಶ ಕಡಿಮೆ ತೋರಿದರೆ ಯಂತ್ರ ಸರಿಯಿದೆಯೇ ಎಂದು ತಾವು ಕೂಡಲೇ ಕೇಳುವಿರಿ. ಹೆಂಡತಿಯ ರಕ್ತದ ವಿಷಯದಲ್ಲಿಯೂ ಹಾಗೆ ಕೇಳಲು ಸಂಕೋಚವೇಕೆ? ಹಾಸನದ ಆಸ್ಪತ್ರೆಯಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಲ್ಲೂಕು ಆಸ್ಪತ್ರೆಗಳಾಗಲಿ, "ಇಂದು ಮಾದರಿ ಇಟ್ಟು ನೋಡಿದಿರಾ?" ಎಂದು ವಿನಯದಿಂದ ವಿಚಾರಿಸಿರಿ. ಮಾದರಿ ಪರೀಕ್ಷೆ ನಡೆಯುತ್ತಿದ್ದು ತಡವಾದರೆ ಬೇಸರಿಸದೆ ಕಾಯಿರಿ. ಆ ಕಾಯುವಿಕೆ ತಮ್ಮ ಹಿತಕ್ಕಾಗಿಯೇ.

ಬೆರಳನ್ನು ಚುಚ್ಚಿದಾಗ ರಕ್ತ ಬಾರದೆಂದು ಬಲವಾಗಿ ಹಿಂಡಬಾರದು. ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ, ಅಂಕಿ ಇಳಿಯುತ್ತದೆ. ತಣ್ಣನೆಯ ಕೈಯನ್ನು ಮೊದಲು ಉಜ್ಜಿ ಬೆಚ್ಚಗಾಗಿಸಿಕೊಳ್ಳಬೇಕು.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಸೇವಿಸಬೇಕು. ಅದರೊಡನೆ ಕಾಫಿ, ಟೀ ಬೇಡ. ರಕ್ತಹೀನತೆ ಕಂಡುಬಂದರೆ ವೈದ್ಯರು ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುತ್ತಾರೆ. ಒಂದು ತಿಂಗಳ ಬಳಿಕ ಸಾಧ್ಯವಾದಷ್ಟೂ ಅದೇ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಿ, ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆಸಿಕೊಳ್ಳಿರಿ. ಅಂದು ಪತಿಯೂ ಜೊತೆಗೆ ಬರುವುದು ಲೇಸು.